ಅವಳ ಕಾರ್ಡು ಇದ್ದ ಗೂಡು

ನಮ್ಮ ಮನೆಯಲ್ಲಿ ದೀಪ ಹತ್ತಬೇಕಾದರೆ ಸ್ವಿಚ್ ಒತ್ತಿದರೆ ಸಾಲದು. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಎಡಗಡೆ ಗೋಡೆಯಲ್ಲಿ ಅಂಗೈಯಗಲದ ಒಂದು ಬಿಳಿ ಪೆಟ್ಟಿಗೆ ಇದೆ. ಅದರ ಸೀಳಿನೊಳಗೆ ಕಾರ್ಡು ಇಳಿಸಬೇಕು. ಟಕ್ ಎಂದು ಸದ್ದಾಗಿ ಇಡೀ ಮನೆಗೆ ಕರೆಂಟು ಬರುತ್ತದೆ. ಕಾರ್ಡು ತೆಗೆದರೆ ಕೂಡಲೇ ಹೋಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬರುವಷ್ಟು ಹೊತ್ತು ಬಿಟ್ಟು ಎಲ್ಲವೂ ಒಟ್ಟಿಗೆ ಆರುತ್ತದೆ. ಫ್ರಿಜ್ಜಿಗೆ ಮಾತ್ರ ಬೇರೆ ಲೈನು. ರಿಸಾರ್ಟುಗಳಲ್ಲಿ ಉಳಿದವರಿಗೆ ಇದು ಹೊಸದೇನಲ್ಲ. ಮಲ್ಲಂದೂರಿನಲ್ಲಿ ಮನೆಯೊಂದಕ್ಕೆ ಇಂಥದ್ದು ಹಾಕಿಸಿಕೊಂಡವರು ನಾವು ಮಾತ್ರ ಎಂದು ಕಾಣುತ್ತದೆ.

ಹಾಕಿಸಿದವಳು ನನ್ನ ಹೆಂಡತಿ. ಊರಿನಿಂದ ಸ್ವಲ್ಪ ಮೇಲೆ, ತೋಟಗಳ ನಡುವೆ ಇರುವ ಒಂದು ರಿಸಾರ್ಟಿನಲ್ಲಿ ಅವಳು ಹೌಸ್‌ಕೀಪಿಂಗ್ ಕೆಲಸ ಮಾಡುತ್ತಿದ್ದಳು. ಮೊದಲು ಹಾಸಿಗೆ ಬಟ್ಟೆ ಬದಲಾಯಿಸುವ ಕೆಲಸ, ಆಮೇಲೆ ಆ ಕೆಲಸದವರನ್ನೆಲ್ಲ ನೋಡಿಕೊಳ್ಳುವ ಕೆಲಸ. ಎರಡನೆಯದು ಸಿಕ್ಕಾಗ ಅವಳಿಗೆ ಒಂದು ಕಾರ್ಡು ಕೊಟ್ಟರು. ಅದನ್ನು ತೋರಿಸಿದರೆ ಅಲ್ಲಿನ ಯಾವ ರೂಮಿನ ಬಾಗಿಲಾದರೂ ತೆಗೆದುಕೊಳ್ಳುತ್ತಿತ್ತು. ಕೆಂಪು ದಾರಕ್ಕೆ ಸಿಕ್ಕಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಲಿಂಗದ ಕರಡಿಗೆಯ ಶಿವದಾರ ಅವಳ ಕೊರಳಲ್ಲಿ ಮೊದಲಿನಿಂದಲೇ ಇತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ಎರಡನ್ನೂ ಸರಿಮಾಡಿಕೊಳ್ಳುತ್ತ, "ಒಂದು ದಾರ ಶಿವಂದು, ಒಂದು ಮ್ಯಾನೇಜರ್‌ದು. ನಿಮ್ಮ ತಾಳಿ ಎಲ್ಲಿ ಸಿಕ್ಕಾಕ್ಕೊಂಡಿದೆ ನೋಡ್ರಿ," ಎನ್ನುತ್ತಿದ್ದಳು.

ರಿಸಾರ್ಟಿನವರು ರೂಮುಗಳನ್ನು ಹೊಸದು ಮಾಡಿಸಿದಾಗ ಹಳೆಯ ಪೆಟ್ಟಿಗೆಗಳನ್ನು ಕಿತ್ತು ಮೂಲೆಗೆ ಹಾಕಿದ್ದರು. ಅವಳು ಕೇಳಿ ಒಂದನ್ನು ತಂದಳು. ಅಲ್ಲಿನ ಎಲೆಕ್ಟ್ರಿಷಿಯನ್ ಒಂದು ಭಾನುವಾರ ಬಂದು, ಕಡುಬು ತಿಂದು, ಅದನ್ನು ನಮ್ಮ ಗೋಡೆಗೆ ಕೂರಿಸಿ ಹೋದ. ಕಾರಣ ನಾನು. ಅಪ್ಪನ ಕಾಲದ ದಿನಸಿ ಅಂಗಡಿ ನನ್ನದು. ಮನೆಯಿಂದ ಇಳಿದು ಹೋಗುವಷ್ಟು ದೂರ. ಹೊರಡುವಾಗ ಅಡುಗೆಮನೆ ದೀಪ, ಬಚ್ಚಲ ದೀಪ, ಫ್ಯಾನು, ಏನಾದರೂ ಒಂದನ್ನು ಬಿಟ್ಟೇ ಹೋಗುತ್ತಿದ್ದೆ. ಎಷ್ಟು ಹೇಳಿದರೂ ಸರಿಹೋಗಲಿಲ್ಲ. ಆ ಪೆಟ್ಟಿಗೆಗೆ ರಿಸಾರ್ಟಿನಲ್ಲಿ ಸ್ಲಾಟು ಎನ್ನುತ್ತಾರೆ. ಅವಳು ಗೂಡು ಎಂದು ಕರೆದಳು. ಅವಳ ತವರಿನಲ್ಲಿ ಬಾಗಿಲ ಪಕ್ಕ ದೀಪ ಇಡುವ ಗೂಡು ಇತ್ತು. ಸಂಜೆ ಅದರಲ್ಲಿ ದೀಪ ಹಚ್ಚುವುದು ಅವಳ ಕೆಲಸವಾಗಿತ್ತಂತೆ.

"ಇದು ನನ್ನ ಕಾರ್ಡ್ ಮಾತ್ರ ಓದೋದು," ಎಂದು ಮೊದಲ ದಿನವೇ ಹೇಳಿದಳು. "ಒಳಗೆ ಚಿಪ್ ಇದೆ. ನಿಮ್ಮ ಎಟಿಎಂ ಕಾರ್ಡ್ ಗೀಟಿಎಂ ಕಾರ್ಡ್ ತುರುಕಬೇಡಿ ಮತ್ತೆ. ಬ್ಲಾಕ್ ಆದ್ರೆ ಬ್ಯಾಂಕಿಗೆ ನಾನು ಬರಲ್ಲ."

"ಹಾಗಾದ್ರೆ ನಾನು ಮೊದ್ಲು ಬಂದ್ರೆ?"

"ಮೆಟ್ಲಿದೆಯಲ್ಲ. ಕೂತ್ಕೊಳ್ಳಿ."

ನಾನು ನಂಬಿದೆ. ನಂಬದಿರಲು ಕಾರಣವೂ ಇರಲಿಲ್ಲ. ರಿಸಾರ್ಟಿನಲ್ಲಿ ಒಂದು ರೂಮಿನ ಕಾರ್ಡು ಇನ್ನೊಂದು ರೂಮಿಗೆ ಆಗುವುದಿಲ್ಲ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಒಮ್ಮೆ, ಅವಳಿಲ್ಲದಾಗ, ಲ್ಯಾಮಿನೇಷನ್ ಮಾಡಿಸಿದ ರೇಷನ್ ಕಾರ್ಡನ್ನು ಹಾಕಿ ನೋಡಿದೆ. ಅದು ಅಗಲವಾಯಿತು, ಸೀಳಿನಲ್ಲಿ ಇಳಿಯಲೇ ಇಲ್ಲ. ಮತ್ತೆ ಅದರ ಸುದ್ದಿಗೆ ಹೋಗಲಿಲ್ಲ.

ಹಗಲು ಇಬ್ಬರೂ ಮನೆಯಲ್ಲಿ ಇರುತ್ತಿರಲಿಲ್ಲ. ಸಂಜೆ ನಾನು ಅಂಗಡಿ ಮುಚ್ಚಿ ಮೊದಲು ಬರುತ್ತಿದ್ದೆ. ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಮಳೆಗಾಲದಲ್ಲಿ ಕೊಡೆ ಮಡಚದೆ ಹಾಗೇ ಹಿಡಿದುಕೊಂಡು ಕೂರುತ್ತಿದ್ದೆ. ಕೆಳಗೆ ತಿರುವಿನಲ್ಲಿ ರಿಸಾರ್ಟಿನ ವ್ಯಾನು ನಿಲ್ಲುವುದು, ಬಾಗಿಲು ಎಳೆದು ಹಾಕುವ ಸದ್ದು, ಆಮೇಲೆ ಏರಿನಲ್ಲಿ ಅವಳ ಮೊಬೈಲಿನ ಟಾರ್ಚು. ಹತ್ತಿರ ಬಂದವಳು ನನ್ನ ಮುಖಕ್ಕೇ ಬೆಳಕು ಹಿಡಿಯುತ್ತಿದ್ದಳು.

"ಏನು ಗೆಸ್ಟು, ಚೆಕ್ ಇನ್ ಆಗ್ಬೇಕಾ?"

"ರೂಮ್ ಇದೆಯಾ ಮೇಡಂ?"

"ನೋಡಿ ಹೇಳ್ತೀನಿ. ಒಬ್ರೇನಾ, ಫ್ಯಾಮಿಲಿನಾ?"

"ಫ್ಯಾಮಿಲಿ ಈಗ ಬಂತು."

ಇದೇ ಮಾತು, ದಿನಾ. ಹೊಸದಾಗಿ ಏನೂ ಹೇಳಲು ಇಬ್ಬರಿಗೂ ತೋಚುತ್ತಿರಲಿಲ್ಲ. ಅವಳು ದಾರದಿಂದ ಕಾರ್ಡು ಬಿಡಿಸಿ ಗೂಡಿನಲ್ಲಿ ಇಳಿಸುತ್ತಿದ್ದಳು. ಟಕ್. ಮನೆಗೆ ಬೆಳಕು ಬರುತ್ತಿತ್ತು. ನಮಗೆ ಮಕ್ಕಳಿಲ್ಲ. ಆ ಹೊತ್ತಿನಲ್ಲಿ ಅದು ನೆನಪಾಗುತ್ತಲೂ ಇರಲಿಲ್ಲ.

ಕೊನೆಯ ಸಲ ಅವಳು ಬೇಗ ಬಂದಳು. ಅಂಗಡಿಗೆ ಫೋನು ಮಾಡಿ, "ತಲೆ ಸುತ್ತುತ್ತಾ ಇದೆ, ವ್ಯಾನಲ್ಲಿ ಬಿಟ್ಟು ಹೋದ್ರು, ಬನ್ನಿ," ಎಂದಳು. ಹೋದಾಗ ಮನೆಯಲ್ಲಿ ಎಲ್ಲ ದೀಪಗಳೂ ಉರಿಯುತ್ತಿದ್ದವು, ಹಗಲಿನಲ್ಲಿ. ಅವಳು ಚಾಪೆಯ ಮೇಲೆ ಮಲಗಿದ್ದಳು. ಮಾತು ತೊದಲುತ್ತಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ಚಿಕ್ಕಮಗಳೂರಿಗೆ ಹೊರಟೆವು. ಊರು ದಾಟುವಾಗ ನನ್ನ ತೋಳು ಹಿಡಿದು ಕೇಳಿದಳು:

"ಕಾರ್ಡ್ ತೆಗೆದ್ರಾ?"

"ಇಲ್ಲ ಮಾರಾಯ್ತಿ."

"ಇರ್ಲಿ ಬಿಡಿ. ಬಂದ್ಮೇಲೆ ತೆಗೆದ್ರಾಯ್ತು."

ಆಮೇಲೆ ಅವಳು ಅರ್ಥವಾಗುವ ಹಾಗೆ ಏನೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೈಗೂ ಒಂದು ಕಾರ್ಡು ಕೊಟ್ಟರು. ರಕ್ತ ಪರೀಕ್ಷೆಗೆ ಅದು, ಸ್ಕ್ಯಾನಿಂಗಿಗೆ ಅದು, ಔಷಧಿ ತರಲು ಅದು. ಅದನ್ನು ಹಿಡಿದುಕೊಂಡು ಮೇಲೆ ಕೆಳಗೆ ಓಡಾಡಿದ್ದಷ್ಟೇ ನನಗೆ ಆ ದಿನಗಳ ನೆನಪು. ಕೊನೆಗೆ ಅವಳ ಬಳೆಗಳನ್ನೂ ಕಾರ್ಡಿಲ್ಲದ ಕೆಂಪು ದಾರವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಶಿವದಾರವನ್ನು ತೆಗೆಯಬೇಡಿ ಎಂದು ನಾನೇ ಹೇಳಿದ್ದೆ.

ಅವಳನ್ನು ಮನೆಗೆ ತಂದಾಗ ಸಂಜೆಯಾಗಿತ್ತು. ಮನೆ ದೂರದಿಂದಲೇ ಬೆಳಗುತ್ತಿತ್ತು. ನಾವು ಹೋದಾಗಿನಿಂದ ಹಾಗೇ ಉರಿದಿತ್ತು. ಅವಳ ಕೈಯಿಂದಲೇ ಇಳಿದ ಕಾರ್ಡು ಗೂಡಿನಲ್ಲಿ ಹಾಗೇ ಇತ್ತು. ಬಾಗಿಲು ದಾಟುವಾಗ ನಾನು ಅದನ್ನು ನೋಡಿದೆ.

ನಮ್ಮವರಲ್ಲಿ ಸತ್ತವರನ್ನು ಕೂರಿಸುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕುರ್ಚಿಯಲ್ಲಿ ಕೂರಿಸಿದಾಗ ಅವಳು ತಿರುವಿನಲ್ಲಿ ವ್ಯಾನಿಗೆ ಕಾಯುವವಳ ಹಾಗೆಯೇ ಇದ್ದಳು. ಜನ ಬಂದು ತುಂಬಿಕೊಂಡರು. ಅವಳ ಅಕ್ಕ ಕಳಸದಿಂದ ಬಂದು ಇಳಿದರು. ಅಷ್ಟರಲ್ಲಿ ದೀಪ ಹೋಯಿತು.

ಯಾರೂ ಆಶ್ಚರ್ಯಪಡಲಿಲ್ಲ. ನಮ್ಮ ಕಡೆ ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ, ಬೀಸದಿದ್ದರೂ ಹೋಗುತ್ತದೆ. ಹೆಂಗಸರು ಮೇಣದ ಬತ್ತಿ ಹುಡುಕಿದರು. ಜಗಲಿಯಲ್ಲಿ ಕೂತ ಗಂಡಸರು ತಮಗೆ ತಾವೇ ಕೆಲಸ ಹಂಚಿಕೊಂಡರು.

"ಎಲ್ಲೋ ಮರ ಬಿದ್ದಿರ್ಬೇಕು."

"ಲೈನ್‌ಮನ್‌ಗೆ ಫೋನ್ ಹಾಕು ಮಾರಾಯ, ಸಾವಿನ ಮನೆ ಅಂತ ಹೇಳು."

"ಪಕ್ಕದ ಮನೇಲಿ ಇದೆಯಲ್ಲೋ!"

"ಅವ್ರದ್ದು ಬೇರೆ ಫೇಸು. ಈ ಫೇಸ್ ಹೋಗಿದೆ ಅಷ್ಟೇ."

ಲೈನ್‌ಮನ್ ಬರುತ್ತೇನೆ ಎಂದನಂತೆ. ಎಲ್ಲರೂ ಅವನಿಗೆ ಕಾಯುತ್ತ ಕತ್ತಲಲ್ಲಿ ಕೂತರು. ನಾನೂ ಕೂತೆ. ನನಗೂ ಕರೆಂಟು ಹೋಗಿದೆ ಎಂದೇ ಅನಿಸಿತ್ತು. ಯಾರೋ ಹೊಸದಾಗಿ ಬಂದವರು ಬಾಗಿಲಲ್ಲಿ ಟಾರ್ಚು ಬಿಟ್ಟಾಗ ನನ್ನ ಕಣ್ಣು ಗೋಡೆಯ ಕಡೆ ಹೋಯಿತು. ಗೂಡು ಖಾಲಿ ಇತ್ತು.

ಎದ್ದು, "ಇಲ್ಲಿದ್ದ ಕಾರ್ಡ್ ಯಾರು ತೆಗೆದ್ರಿ?" ಎಂದೆ. ನನ್ನ ದನಿ ಜೋರಾಗಿರಬೇಕು. ಜಗಲಿಯವರೂ ತಿರುಗಿ ನೋಡಿದರು.

ಅವಳ ಅಕ್ಕ ಸೆರಗಿನ ಗಂಟು ಬಿಚ್ಚಿದರು. "ನಾನು ತೆಗೆದಿಟ್ಟೆ. ಇಷ್ಟು ಜನ ಓಡಾಡ್ತಾರೆ, ಅವಳ ಕೆಲ್ಸದ್ದು, ಕಳೆದ್ಹೋದ್ರೆ ಅಂತ. ಅದಕ್ಕೂ ಕರೆಂಟಿಗೂ ಎಂಥ ಸಂಬಂಧ?"

ನಾನು ಇಸಿದುಕೊಂಡು ಗೂಡಿನಲ್ಲಿ ಇಳಿಸಿದೆ. ಟಕ್. ಜಗಲಿಯಿಂದ "ಬಂತು, ಬಂತು" ಎಂದರು. ಒಬ್ಬರು ಫೋನಿನಲ್ಲಿ ಲೈನ್‌ಮನ್‌ಗೆ ಉಪಕಾರವನ್ನೂ ಹೇಳಿದರು. ಬೆಳಕಿನಲ್ಲಿ ಅವಳ ಮುಖ ಮತ್ತೆ ಕಂಡಿತು.

ಆ ಅಕ್ಕನ ಮೇಲೆ ನನಗೆ ಬಹಳ ದಿನ ಮುನಿಸು ಇತ್ತು. ಅವರಿಗೆ ಗೊತ್ತಿರಲಿಲ್ಲ, ಒಳ್ಳೆಯದಕ್ಕೇ ಮಾಡಿದ್ದರು. ಆದರೂ ಅವಳು ಇಳಿಸಿದ ಕಾರ್ಡು ಅದಾಗಿರಲಿಲ್ಲ ಇನ್ನು, ನಾನು ಇಳಿಸಿದ್ದಾಗಿತ್ತು. ಇದನ್ನು ಯಾರಿಗೆ ಹೇಳುವುದು?

ಮರುದಿನ ಮಣ್ಣು ಮಾಡಿದೆವು. ಲಿಂಗವನ್ನು ಅವಳ ಎಡ ಅಂಗೈಯಲ್ಲಿ ಇಟ್ಟರು. ಶಿವನ ದಾರ ಅವಳ ಜೊತೆ ಹೋಯಿತು. ಮ್ಯಾನೇಜರ ದಾರ ಮೊಳೆಯಲ್ಲಿ ಉಳಿಯಿತು, ಕಾರ್ಡು ಗೂಡಿನಲ್ಲಿ. ನಾನು ಅದನ್ನು ತೆಗೆಯಲಿಲ್ಲ. ಅಂಗಡಿಗೆ ಹೋಗುವಾಗ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸಲು ಕಲಿತೆ, ಇಷ್ಟು ವರ್ಷ ಕಲಿಯದವನು. ಮುಂದಿನ ಕೋಣೆಯ ಒಂದು ದೀಪ ಮಾತ್ರ ಬಿಟ್ಟಿರುತ್ತಿದ್ದೆ. ಸಂಜೆ ಬಂದರೆ ಮನೆಯಲ್ಲಿ ಬೆಳಕಿರುತ್ತಿತ್ತು. ಮೆಟ್ಟಿಲ ಮೇಲೆ ಕೂರುವ ಅಗತ್ಯ ಇರಲಿಲ್ಲ. ನೇರ ಒಳಗೆ ಹೋಗಿ ಮಲಗುತ್ತಿದ್ದೆ. ಆ ದಿನಗಳಲ್ಲಿ ನನಗೆ ಅಳುವುದಕ್ಕಿಂತ ಹೆಚ್ಚಾಗಿ ಸುಸ್ತು. ಅಕ್ಕಿ ಮೂಟೆ ಎಳೆದರೂ ಸುಸ್ತು, ಎಳೆಯದಿದ್ದರೂ ಸುಸ್ತು.

ಒಬ್ಬರು ಹೋದ ಮೇಲೆ ಅವರ ಕಾರ್ಡುಗಳನ್ನು ಒಂದೊಂದಾಗಿ ವಾಪಸು ಕೊಡುತ್ತ ಬರಬೇಕು ಎಂದು ನನಗೆ ಗೊತ್ತಿರಲಿಲ್ಲ. ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದೆ. ಬ್ಯಾಂಕಿನಲ್ಲಿ ಅವಳ ಎಟಿಎಂ ಕಾರ್ಡು ಕೇಳಿದರು. ಕೌಂಟರಿನ ಹುಡುಗಿ ಬಹಳ ಮರ್ಯಾದೆಯಿಂದ, "ಬೇಜಾರು ಮಾಡ್ಕೋಬೇಡಿ ಸರ್, ರೂಲ್ಸು," ಎಂದು ಕತ್ತರಿ ತೆಗೆದು, ಬಂಗಾರದ ಬಣ್ಣದ ಚಿಪ್ಪಿನ ಮೇಲೆಯೇ ಹಾಯಿಸಿ ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದಳು. ಪ್ಲಾಸ್ಟಿಕ್ ಕತ್ತರಿಸುವ ಸದ್ದು ಅಷ್ಟು ಗಟ್ಟಿಯಾಗಿರುತ್ತದೆ ಎಂದುಕೊಂಡಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಗೂಡಿನಲ್ಲಿದ್ದ ಕಾರ್ಡು ನೆನಪಾಯಿತು. ಅದನ್ನು ಯಾರಾದರೂ ಕೇಳುತ್ತಾರೆ ಎಂದು ಆಗಲೇ ಹೆದರಿಕೆ ಶುರುವಾಯಿತು.

ಕೇಳಲು ಬಂದವಳು ಅವಳ ಕೈಕೆಳಗೆ ಕೆಲಸ ಮಾಡುತ್ತಿದ್ದ ಹುಡುಗಿ. ಈಗ ಅವಳ ಜಾಗದಲ್ಲಿ ಇರುವವಳು. ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದುದರಿಂದ ನಾನು ಅವಳಿಗೆ ಬಾವ. ಅಂಗಡಿಗೆ ಬಂದು ಬೇಕಿಲ್ಲದ ಬೆಂಕಿಪೊಟ್ಟಣ ಕೊಂಡು, ಹೋಗದೆ ನಿಂತಳು.

"ಬಾವ, ಊಟ ಗೀಟ ಸರಿಯಾಗಿ ಮಾಡ್ತಿದೀರಾ?"

"ಮಾಡ್ತಿದೀನಿ."

"ಸುಳ್ಳು. ಅಂಗಿ ನೋಡಿ, ಮೊಳೆಗೆ ಹಾಕ್ದಂಗಿದೆ." ಆಮೇಲೆ ದನಿ ಇಳಿಸಿದಳು. "ಅಕ್ಕನ ಕಾರ್ಡ್‌ನ ಮ್ಯಾನೇಜರ್ ಕೇಳ್ತಿದಾರೆ. ಮರ್ತೆ ಮರ್ತೆ ಅಂತ ಹೇಳ್ತಾ ಬಂದೆ. ಇನ್ನು ಆಗ್ತಿಲ್ಲ. ಪ್ರತಿ ಬಾಗಿಲಿಗೂ ರಿಸೆಪ್ಷನ್‌ನವ್ರನ್ನ ಕರ್ಕೊಂಡೋಗ್ಬೇಕು. ಅದು ಎಲ್ಲ ರೂಮಿಂದು ಅಲ್ವಾ? ಕೊಡ್ದಿದ್ರೆ ಎಲ್ಲ ಬೀಗನೂ ಮತ್ತೆ ಸೆಟ್ ಮಾಡಿ, ಆ ಕಾರ್ಡನ್ನ ಡೆಡ್ ಮಾಡ್ತಾರಂತೆ."

ಹೇಳಿದವಳು ನಾಲಿಗೆ ಕಚ್ಚಿಕೊಂಡಳು. ನಾನು ತಕ್ಕಡಿ ಒರೆಸಿದೆ.

"ಕಾರ್ಡ್ ಕೊಟ್ರೆ ನಮ್ಮನೇಲಿ ದೀಪ ಹತ್ತಲ್ಲ," ಎನ್ನೋಣ ಎಂದುಕೊಂಡೆ. ಹೇಳಲಿಲ್ಲ. ಎಲೆಕ್ಟ್ರಿಷಿಯನ್ ಕರೆದು ಆ ಪೆಟ್ಟಿಗೆ ಕೀಳಿಸಿದರೆ ದೀಪ ಹತ್ತುತ್ತದೆ, ಅದು ನನಗೂ ಗೊತ್ತು. ಕೊನೆಗೆ, "ನಾಳೆ ನಾನೇ ತಂದ್ಕೊಡ್ತೀನಿ," ಎಂದೆ. ಅಂಗಡಿಯ ಹಲಗೆಯ ಮೇಲೆ, ಬೆಂಕಿಪೊಟ್ಟಣದ ಚಿಲ್ಲರೆಯ ಜೊತೆ ಅದನ್ನು ಕೊಟ್ಟು ಕಳಿಸಲು ಮನಸ್ಸು ಬರಲಿಲ್ಲ.

ಬೆಳಿಗ್ಗೆ ಕಾರ್ಡು ತೆಗೆದು ಕೆಂಪು ದಾರಕ್ಕೆ ಸಿಕ್ಕಿಸಿದೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಮನೆ ಆರಿತು. ತಿರುವಿನಲ್ಲಿ ವ್ಯಾನು ಹತ್ತಿದೆ. ಅದರಲ್ಲಿ ಅವಳು ಕೂರುತ್ತಿದ್ದ ಕಿಟಕಿಯ ಸೀಟನ್ನು ಯಾರೂ ಹೇಳದೆ ನನಗೆ ಬಿಟ್ಟುಕೊಟ್ಟರು.

ಇಷ್ಟು ವರ್ಷ ಅವಳು ಕೆಲಸ ಮಾಡಿದ ಜಾಗವನ್ನು ನಾನು ಒಳಗಿನಿಂದ ನೋಡಿರಲಿಲ್ಲ. ಮ್ಯಾನೇಜರು ಚಿಕ್ಕ ವಯಸ್ಸಿನವರು. ಎದ್ದು ನಿಂತು ಕೈಮುಗಿದರು, ಕಾಫಿ ತರಿಸಿದರು. ನಾನು ಕಾರ್ಡನ್ನು ಮೇಜಿನ ಮೇಲಿಟ್ಟು ಅವರ ಮೇಜಿನಲ್ಲಿ ಕತ್ತರಿ ಇದೆಯೇ ಎಂದು ನೋಡುತ್ತಿದ್ದೆ. ಅವರು ಕತ್ತರಿ ತೆಗೆಯಲಿಲ್ಲ. ಸಣ್ಣ ಮಿಷನ್ನಿನ ಮೇಲೆ ಕಾರ್ಡು ಇಟ್ಟರು. ಅದು ಕೀ ಎಂದಿತು. ಕಂಪ್ಯೂಟರಿನಲ್ಲಿ ಅವಳ ಹೆಸರು ಬಂತು. ಏನೋ ಒತ್ತಿದರು, ಹೆಸರು ಹೋಯಿತು. ಇನ್ನೇನೋ ಬರೆದು ಮತ್ತೆ ಒತ್ತಿದರು. ಅದೇ ಕಾರ್ಡನ್ನು, ಅದೇ ಕೆಂಪು ದಾರದಲ್ಲಿ, ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಕೊಟ್ಟರು.

ಅವಳು ಹಾಕಿಕೊಳ್ಳುವ ಮೊದಲು ನನ್ನ ಮುಖ ನೋಡಿದಳು. "ಹಾಕ್ಕೊಳ್ಳಮ್ಮ," ಎಂದೆ.

ವ್ಯಾನು ಕೆಳಗೆ ಹೋಗಲು ಹೊತ್ತಿತ್ತು. "ಬನ್ನಿ ಬಾವ, ಅಕ್ಕ ನೋಡ್ಕೊತಿದ್ದ ರೂಮು ತೋರಿಸ್ತೀನಿ," ಎಂದು ಕರೆದುಕೊಂಡು ಹೋದಳು. ಕೊರಳ ಕಾರ್ಡನ್ನು ಬಾಗಿಲಿಗೆ ತಾಗಿಸಿದಳು. ಹಸಿರು ದೀಪ ಮಿನುಗಿ ಬಾಗಿಲು ಬಿಟ್ಟಿತು. ಒಳಗೆ ಗೋಡೆಯಲ್ಲಿ ಅಂಥದೇ ಬಿಳಿ ಪೆಟ್ಟಿಗೆ, ನಮ್ಮದಕ್ಕಿಂತ ಹೊಸದು. ಅವಳು ಏಪ್ರನ್ನಿನ ಜೇಬಿನಿಂದ ಏನನ್ನೋ ತೆಗೆದು ಅದರಲ್ಲಿ ಇಳಿಸಿದಳು. ಟಕ್. ದೀಪಗಳು ಹತ್ತಿದವು.

"ಅದು ಯಾವ ಕಾರ್ಡು?" ಎಂದೆ.

"ಕಾರ್ಡಲ್ಲ. ಸೋಪಿನ ಡಬ್ಬದ ರಟ್ಟು. ಕೊರಳಲ್ಲಿರೋದನ್ನ ಬಿಚ್ಚಿ ಬಿಚ್ಚಿ ಹಾಕೋಕಾಗುತ್ತಾ? ನಾವೆಲ್ಲ ರಟ್ಟೇ ಹಾಕೋದು."

"ರಟ್ಟು ಆಗುತ್ತಾ?"

"ಒಳಗೆ ಒಂದು ಗುಂಡಿ ಇರುತ್ತೆ ಬಾವ, ಅದನ್ನ ಒತ್ತಿದ್ರೆ ಸೈ. ಹಳೇದರಲ್ಲೂ ಹಂಗೇ. ಬಾಗಿಲಿಗೆ ಬೇಕು ಚಿಪ್ಪು, ಇದಕ್ಕಲ್ಲ. ನಿಮ್ಮನೇಲಿ..." ಎಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣಲ್ಲಿ ನಗು ತಡೆಯಲಾಗಲಿಲ್ಲ. "ಅಯ್ಯೋ ಶಿವನೆ. ಅಕ್ಕ ಕೊನೇವರೆಗೂ ಹೇಳ್ಲೇ ಇಲ್ವಾ?"

"ಎಂಥದು?"

"ನಮಗೆಲ್ಲ ಗೊತ್ತು ಬಾವ. ವ್ಯಾನಲ್ಲಿ ದಿನಾ ನಗಾಡೋದು. 'ನಮ್ಮನೇಲೊಬ್ರು ಗೆಸ್ಟಿದಾರೆ, ನನ್ನ ಕಾರ್ಡ್ ಇಲ್ದೆ ಒಳಗೆ ಹೋಗಲ್ಲ' ಅಂತ. ಪಾಪ ಅಲ್ವಾ, ಹೇಳ್ಬಿಡಿ ಅಕ್ಕ, ಮಳೇಲಿ ಕೂತಿರ್ತಾರೆ ಅಂದ್ರೆ, 'ಹೇಳಿದ್ರೆ ಒಳಗೋಗಿ ಟಿವಿ ಮುಂದೆ ಬಿದ್ಕೊತಾರೆ. ನಾನು ಬಂದದ್ದೂ ಗೊತ್ತಾಗಲ್ಲ. ಈಗ ನೋಡು, ತಿರುವಿಂದ ಹತ್ತುವಾಗ ಬಾಗಿಲಲ್ಲಿ ಒಬ್ಬ ಮನುಷ್ಯ ಇರ್ತಾನೆ' ಅಂತಿದ್ರು."

ನನಗೆ ನಗು ಬಂತು. ಯಾರದೋ ರೂಮು, ಮಂಚದ ಮೇಲೆ ಸುಕ್ಕಿಲ್ಲದ ಬಿಳಿ ಹೊದಿಕೆ. ಕೂರಬಾರದು ಎಂದು ನಿಂತೇ ನಕ್ಕೆ. ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಬಾತ್‌ರೂಮಿಗೆ ಹೋಗಿ ನೀರು ಬಿಟ್ಟು, ಒಂದು ಟವಲ್ ತಂದು ಕೊಟ್ಟು, ಕಿಟಕಿ ಒರೆಸುತ್ತ ಆ ಕಡೆ ತಿರುಗಿ ನಿಂತಳು.

"ಬೇಜಾರಾಯ್ತಾ ಬಾವ?"

"ಇಲ್ಲಮ್ಮ."

ಹೊರಡುವಾಗ ಗೂಡಿನ ರಟ್ಟನ್ನು ತೆಗೆದು ನನ್ನ ಜೇಬಿಗೆ ಹಾಕಿದಳು. "ಇಟ್ಕೊಳ್ಳಿ. ನಮ್ಮತ್ರ ಬೇಕಾದಷ್ಟಿದೆ."

ಆ ದಿನ ಅಂಗಡಿ ತೆರೆದೆ, ಸಾಮಾನು ಕೊಟ್ಟೆ, ಮುಚ್ಚಿದೆ. ಸಂಜೆ ಏರು ಹತ್ತಿ ಬಂದರೆ ಮನೆ ಕತ್ತಲಾಗಿತ್ತು. ಅವಳು ಹೋದ ಮೇಲೆ ಮೊದಲ ಸಲ. ಜೇಬಿನಲ್ಲಿ ರಟ್ಟಿತ್ತು, ಬೀಗದ ಕೈಯೂ ಇತ್ತು. ಆದರೆ ಕಾಲು ತಾನೇ ಮೆಟ್ಟಿಲ ಹತ್ತಿರ ನಿಂತಿತು. ಕೂತೆ.

ಅವಳು ಸುಳ್ಳು ಹೇಳಿದ್ದಳು ಎಂದು ಕೋಪ ಬರುತ್ತದೇನೋ ಎಂದು ನೋಡಿದೆ. ಬರಲಿಲ್ಲ. ಇಷ್ಟು ವರ್ಷ ನಾನು ಕರೆಂಟಿಗೆ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಕೆಳಗೆ ತಿರುವಿನಲ್ಲಿ ವ್ಯಾನು ನಿಂತಿತು. ಬಾಗಿಲು ಎಳೆದ ಸದ್ದು ಕೇಳಿತು. ಯಾರೋ ಇಳಿದು ಬೇರೆ ದಾರಿ ಹಿಡಿದರು. ಟಾರ್ಚು ಕಾಫಿ ಗಿಡಗಳ ಮಧ್ಯೆ ಆ ಕಡೆಗೆ ಹೋಯಿತು. ಅದು ಕಾಣದಾಗುವವರೆಗೆ ನೋಡಿದೆ. ಮತ್ತೂ ಸ್ವಲ್ಪ ಹೊತ್ತು ಕೂತೆ. ಸುಸ್ತು ಹಾಗೇ ಇತ್ತು, ಆದರೆ ಆ ಹೊತ್ತು ಅದರ ಜೊತೆ ಕೂರಲು ಆಯಿತು.

ಪಕ್ಕದ ಮನೆಯವರು ಹಾಲಿನ ಕ್ಯಾನು ಹಿಡಿದು ಕೆಳಗೆ ಹೋಗುತ್ತಿದ್ದವರು ನನ್ನನ್ನು ಕಂಡು ನಿಂತರು.

"ಎಂಥ ಮಾರಾಯ್ರೆ, ಕತ್ಲಲ್ಲಿ ಕೂತಿದೀರಿ. ನಿಮ್ಮ ಫೇಸ್ ಹೋಗಿದೆಯಾ?"

"ಇಲ್ಲ, ಇದೆ," ಎಂದೆ. "ಈಗ ಹಾಕ್ತೀನಿ."